ಸದನದಲ್ಲಿ ವಿರೋಧ ಪಕ್ಷದ ಪ್ರಶ್ನೆ, ಸರ್ಕಾರದ ಉತ್ತರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಲೆ ಏರಿಕೆ, ನಿರುದ್ಯೋಗ, ಬರ ಪರಿಹಾರ, ಆಸ್ಪತ್ರೆಗಳ ಸ್ಥಿತಿ ಮುಂತಾದ ವಿಷಯಗಳ ಮೇಲೆ ಸಂಸತ್ತಿನಲ್ಲಿ ನಡೆಯುವ ಪ್ರಶ್ನೋತ್ತರದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಗದ್ದಲ ಮತ್ತು ಸಭಾತ್ಯಾಗ. ಅದರ ಹಿಂದೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ರೂಢಿಗೆ ಬಂದ ನಿಯಮಗಳ ಒಂದು ವ್ಯವಸ್ಥೆ ಇದೆ. ಯಾರು ಕೇಳಬಹುದು, ಯಾರು ಉತ್ತರಿಸಬೇಕು, ಉತ್ತರ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಬಯಸುವ ಓದುಗರಿಗಾಗಿ ಈ ಪುಟ.

ಪ್ರಶ್ನೋತ್ತರ ಅವಧಿ ಯಾವಾಗ ನಡೆಯುತ್ತದೆ?

ಲೋಕಸಭೆಯಲ್ಲಿ ದಿನದ ಕಲಾಪ ಆರಂಭವಾಗುವುದೇ ಪ್ರಶ್ನೋತ್ತರದಿಂದ. ಬೆಳಿಗ್ಗೆ 11ರಿಂದ 12ರವರೆಗಿನ ಒಂದು ಗಂಟೆ ಅದಕ್ಕೆ ಮೀಸಲು. ರಾಜ್ಯಸಭೆಯಲ್ಲಿಯೂ ಮೊದಲು ಇದೇ ವೇಳೆಯಿತ್ತು. ಗದ್ದಲದಿಂದ ಬೆಳಗಿನ ಅವಧಿ ಮತ್ತೆ ಮತ್ತೆ ಹಾಳಾಗುತ್ತಿದ್ದ ಕಾರಣ 2014ರ ನವೆಂಬರ್‌ನಿಂದ ಅಲ್ಲಿ ಅದನ್ನು ಮಧ್ಯಾಹ್ನ 12 ಗಂಟೆಗೆ ಬದಲಿಸಲಾಯಿತು. ಲೋಕಸಭೆಯಲ್ಲಿ ಪ್ರಶ್ನೋತ್ತರದ ನಂತರ, ರಾಜ್ಯಸಭೆಯಲ್ಲಿ ಅದಕ್ಕೆ ಮೊದಲು ಬರುವ ಶೂನ್ಯ ವೇಳೆ ಬೇರೆಯದು. ಶೂನ್ಯ ವೇಳೆಯಲ್ಲಿ ಸದಸ್ಯರು ತುರ್ತು ವಿಷಯವನ್ನು ಪ್ರಸ್ತಾಪಿಸಬಹುದು, ಆದರೆ ಸರ್ಕಾರ ಅಲ್ಲಿಯೇ ಉತ್ತರಿಸಬೇಕೆಂಬ ಕಟ್ಟುಪಾಡಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದರೇನು?

ಸದನದಲ್ಲಿ ಬಾಯಿಮಾತಿನ ಉತ್ತರ ಬಯಸುವ ಸದಸ್ಯರ ಪ್ರಶ್ನೆಗೆ ಪಟ್ಟಿಯಲ್ಲಿ ಚುಕ್ಕೆ ಹಾಕಲಾಗುತ್ತದೆ. ಲೋಕಸಭೆಯಲ್ಲಿ ದಿನವೊಂದಕ್ಕೆ ಇಂತಹ 20 ಪ್ರಶ್ನೆಗಳು, ರಾಜ್ಯಸಭೆಯಲ್ಲಿ 15. ಚುಕ್ಕೆ ಇಲ್ಲದವುಗಳಿಗೆ ಲಿಖಿತ ಉತ್ತರ ಮಾತ್ರ ಸಿಗುತ್ತದೆ, ಅವುಗಳ ಮಿತಿ ಲೋಕಸಭೆಯಲ್ಲಿ ದಿನಕ್ಕೆ 230, ರಾಜ್ಯಸಭೆಯಲ್ಲಿ 160. ಪ್ರಶ್ನೆಯ ಸೂಚನೆಯನ್ನು ಕನಿಷ್ಠ 15 ಪೂರ್ಣ ದಿನಗಳ ಮೊದಲು ಕೊಡಬೇಕು. ಬರುವ ಸೂಚನೆಗಳು ಮಿತಿಗಿಂತ ಬಹಳ ಹೆಚ್ಚಿರುವುದರಿಂದ ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತುವ ಮೂಲಕ ತೀರ್ಮಾನವಾಗುತ್ತದೆ. ಹೀಗಾಗಿ ವಿರೋಧ ಪಕ್ಷದ ನಾಯಕರೇ ಸೂಚನೆ ಕೊಟ್ಟರೂ ಅವರ ಪ್ರಶ್ನೆ ಅಂದು ಮೇಲೆ ಬರುವ ಖಾತ್ರಿಯಿಲ್ಲ.

ಪಟ್ಟಿಯಲ್ಲಿ 20 ಪ್ರಶ್ನೆಗಳಿದ್ದರೂ ಒಂದು ಗಂಟೆಯಲ್ಲಿ ಸದನ ಮುಟ್ಟುವುದು ಸಾಮಾನ್ಯವಾಗಿ ಕೆಲವೇ ಪ್ರಶ್ನೆಗಳನ್ನು. 2019ರ ನವೆಂಬರ್ 27ರಂದು ಲೋಕಸಭೆಯಲ್ಲಿ 20 ಪ್ರಶ್ನೆಗಳನ್ನೂ ಕೈಗೆತ್ತಿಕೊಂಡಾಗ ಅದು 1972ರ ನಂತರ ಮೊದಲ ಬಾರಿ ಎಂದು ಸುದ್ದಿಯಾಯಿತು. ಸರದಿ ಬಾರದೆ ಉಳಿದ ಚುಕ್ಕೆ ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಸದನದಲ್ಲಿ ಮಂಡಿಸಲಾಗುತ್ತದೆ.

ಲಿಖಿತ ಉತ್ತರ ಸಿಗುವುದಾದರೆ ಬಾಯಿಮಾತಿನ ಉತ್ತರಕ್ಕೆ ಅಷ್ಟೊಂದು ಬೆಲೆ ಏಕೆ?

ಉಪಪ್ರಶ್ನೆಗಾಗಿ. ಚುಕ್ಕೆ ಗುರುತಿನ ಮೂಲ ಪ್ರಶ್ನೆ ಇಲಾಖೆಗೆ ಮೊದಲೇ ತಲುಪಿರುತ್ತದೆ. ಅದಕ್ಕೆ ಉತ್ತರ ಬರೆಯುವವರು ಅಧಿಕಾರಿಗಳು, ತಿದ್ದುವವರು ಅವರ ಮೇಲಿನ ಅಧಿಕಾರಿಗಳು, ಮಂತ್ರಿಗಳು ಅದಕ್ಕೆ ಒಪ್ಪಿಗೆ ನೀಡಿ ಸದನದಲ್ಲಿ ಮಂಡಿಸುತ್ತಾರೆ. ಇಲ್ಲಿಯವರೆಗೆ ಮಂತ್ರಿಗಳ ತಿಳಿವಳಿಕೆಯ ಪರೀಕ್ಷೆ ಆಗಿರುವುದಿಲ್ಲ. ಪ್ರಶ್ನೆ ಕೇಳಿದ ಸದಸ್ಯರು ಎದ್ದು ನಿಂತು, ಕೊಟ್ಟ ಉತ್ತರದಲ್ಲಿ ಏನು ಬಿಟ್ಟುಹೋಗಿದೆಯೋ ಅದನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳಿದಾಗ ಪರೀಕ್ಷೆ ಶುರುವಾಗುತ್ತದೆ. ಆ ಪ್ರಶ್ನೆಯ ಸೂಚನೆ ಮಂತ್ರಿಗಳಿಗೆ ಮೊದಲೇ ಇರುವುದಿಲ್ಲ. ಸಭಾಧ್ಯಕ್ಷರ ಅನುಮತಿಯ ಮೇರೆಗೆ ಇತರ ಸದಸ್ಯರೂ ಉಪಪ್ರಶ್ನೆ ಕೇಳಬಹುದು. ಯೋಜನೆ ಜಾರಿಯಾಗಿದೆಯೇ ಎಂದರೆ ಹೌದು ಎನ್ನಬಹುದು. ಹಣ ಬಿಡುಗಡೆಯಾಗಿದ್ದು ಎಷ್ಟು, ಫಲಾನುಭವಿಗಳ ಖಾತೆ ಮುಟ್ಟಿದ್ದು ಎಷ್ಟು ಎಂದು ಎರಡನೆಯ ಪ್ರಶ್ನೆ ಬಂದರೆ ಆ ಒಂದೇ ಮಾತಿನ ಹೌದು ಸಾಲುವುದಿಲ್ಲ.

ಈ ಪುಟದಲ್ಲಿ ಮುಂದೆ ಬರುವ ಬಹುಪಾಲು ಸಂಗತಿಗಳನ್ನು ಈ ಒಂದು ಅಳತೆಗೋಲಿನಿಂದಲೇ ನೋಡಬೇಕೆಂಬುದು ನನ್ನ ಅಭಿಪ್ರಾಯ: ಎರಡನೆಯ ಪ್ರಶ್ನೆಗೆ ಅವಕಾಶವಿರುವ ಕಡೆ ಸರ್ಕಾರ ಉತ್ತರಿಸುತ್ತಿದೆ, ಅವಕಾಶವಿಲ್ಲದ ಕಡೆ ಸರ್ಕಾರ ಮಾತನಾಡುತ್ತಿದೆ ಅಷ್ಟೇ.

ಸರ್ಕಾರ ಉತ್ತರಿಸಲೇಬೇಕೆಂದು ಸಂವಿಧಾನದಲ್ಲಿ ಹೇಳಿದೆಯೇ?

ಪ್ರಶ್ನೋತ್ತರ ಅವಧಿ ಎಂಬ ಮಾತು ಸಂವಿಧಾನದಲ್ಲಿ ಇಲ್ಲ. ಅದು ಬರುವುದು 118ನೇ ವಿಧಿಯಂತೆ ಸದನಗಳು ತಮಗೆ ತಾವೇ ರೂಪಿಸಿಕೊಂಡ ನಿಯಮಗಳಲ್ಲಿ. ಆದರೆ ಅದರ ಬೇರು 75(3)ನೇ ವಿಧಿಯಲ್ಲಿದೆ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ ಎಂದು ಆ ವಿಧಿ ಹೇಳುತ್ತದೆ. ರಾಜ್ಯಗಳಲ್ಲಿ ಇದೇ ಹೊಣೆಯನ್ನು 164(2)ನೇ ವಿಧಿ ಮಂತ್ರಿಮಂಡಲ ಮತ್ತು ವಿಧಾನಸಭೆಯ ನಡುವೆ ಇಟ್ಟಿದೆ. ಹೊಣೆ ಹೊತ್ತವರು ಕೇಳಿದ್ದಕ್ಕೆ ಉತ್ತರಿಸಬೇಕು ಎಂಬುದು ಅದರಿಂದ ತಾನಾಗಿ ಹೊರಡುವ ಅರ್ಥ.

ಬೆಲೆ, ಉದ್ಯೋಗ, ಕೃಷಿಯ ಪ್ರಶ್ನೆಗಳಿಗೆ ಪ್ರಧಾನಿಯವರೇ ಏಕೆ ಉತ್ತರಿಸುವುದಿಲ್ಲ?

ನಮ್ಮ ನಿಯಮದಂತೆ ಪ್ರಶ್ನೆ ಹೋಗುವುದು ಆಯಾ ಖಾತೆಯ ಮಂತ್ರಿಗಳಿಗೆ. ಗೋಧಿಯ ಬೆಲೆ ಆಹಾರ ಖಾತೆಗೆ, ಸಾಲ ಮತ್ತು ತೆರಿಗೆ ಹಣಕಾಸಿಗೆ, ಬೆಳೆ ವಿಮೆ ಕೃಷಿಗೆ. ಪ್ರಧಾನಿಯವರ ಬಳಿ ವಾಡಿಕೆಯಂತೆ ಉಳಿಯುವ ಖಾತೆಗಳು ಸಿಬ್ಬಂದಿ, ಅಣುಶಕ್ತಿ, ಬಾಹ್ಯಾಕಾಶ ಮುಂತಾದವು. ಅವುಗಳ ಪ್ರಶ್ನೆಗಳಿಗೂ ಸಾಮಾನ್ಯವಾಗಿ ಎದ್ದು ನಿಲ್ಲುವವರು ರಾಜ್ಯ ಖಾತೆಯ ಸಚಿವರು. ಹೀಗಾಗಿ ಜನರ ದಿನಬಳಕೆಯ ಬದುಕಿಗೆ ತಾಗುವ ಒಳನಾಡಿನ ನೀತಿಯ ಬಗ್ಗೆ ಸರ್ಕಾರದ ಮುಖ್ಯಸ್ಥರನ್ನೇ ನೇರವಾಗಿ ಕೇಳಿ, ಅವರಿಂದಲೇ ಉಪಪ್ರಶ್ನೆಗೆ ಉತ್ತರ ಪಡೆಯುವ ದಾರಿ ನಮ್ಮ ಪ್ರಶ್ನೋತ್ತರ ವ್ಯವಸ್ಥೆಯಲ್ಲಿ ಬಹುಮಟ್ಟಿಗೆ ಮುಚ್ಚಿಹೋಗಿದೆ.

ಪ್ರಧಾನಿ ಬಯಸಿದರೆ ಮಧ್ಯೆ ಎದ್ದು ಉತ್ತರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ವಿದೇಶಾಂಗ ಖಾತೆಯನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದ ಜವಾಹರಲಾಲ್ ನೆಹರೂ ಅವರು ಪ್ರಶ್ನೋತ್ತರದಲ್ಲಿ ನಿಯಮಿತವಾಗಿ ಹಾಜರಿದ್ದು ಉಪಪ್ರಶ್ನೆಗಳಿಗೆ ತಾವೇ ಉತ್ತರಿಸುತ್ತಿದ್ದರು. ನಂತರದ ದಶಕಗಳಲ್ಲಿ, ಯಾವ ಪಕ್ಷದ ಸರ್ಕಾರವಿದ್ದರೂ, ಆ ರೂಢಿ ಸಡಿಲವಾಗುತ್ತ ಬಂದಿತು.

ಹಾಗಾದರೆ ಪ್ರಧಾನಿಯವರ ಬಾಯಿಂದಲೇ ಉತ್ತರ ಪಡೆಯಲು ವಿರೋಧ ಪಕ್ಷಕ್ಕೆ ಯಾವ ದಾರಿಗಳಿವೆ?

ರಾಷ್ಟ್ರಪತಿಗಳ ಭಾಷಣಕ್ಕೆ ವಂದನೆ ಸಲ್ಲಿಸುವ ನಿರ್ಣಯದ ಚರ್ಚೆಗೆ ಉತ್ತರಿಸುವವರು ಪ್ರಧಾನಿ. ವರ್ಷಕ್ಕೊಮ್ಮೆ ಇದು ಖಚಿತ, ಸಾರ್ವತ್ರಿಕ ಚುನಾವಣೆಯ ನಂತರ ಹೊಸ ಲೋಕಸಭೆ ಸೇರಿದಾಗಲೂ ನಡೆಯುತ್ತದೆ. ಇದಕ್ಕಿಂತ ಬಲವಾದ ಸಾಧನ ಅವಿಶ್ವಾಸ ನಿರ್ಣಯ. 198ನೇ ನಿಯಮದಂತೆ 50 ಸದಸ್ಯರ ಬೆಂಬಲವಿದ್ದರೆ ಸಭಾಧ್ಯಕ್ಷರು ಅದನ್ನು ಚರ್ಚೆಗೆ ತೆಗೆದುಕೊಳ್ಳಬೇಕು.

2023ರಲ್ಲಿ ನಡೆದದ್ದನ್ನು ನೋಡಿ. ಮಣಿಪುರದ ಹಿಂಸಾಚಾರದ ಬಗ್ಗೆ ಪ್ರಧಾನಿಯವರು ಸದನದಲ್ಲಿ ಮಾತನಾಡಬೇಕೆಂದು ವಿರೋಧ ಪಕ್ಷಗಳು ಮಳೆಗಾಲದ ಅಧಿವೇಶನದ ಮೊದಲ ದಿನದಿಂದ ಒತ್ತಾಯಿಸಿದವು. ಚರ್ಚೆಗೆ ಗೃಹ ಸಚಿವರು ಉತ್ತರಿಸುತ್ತಾರೆ ಎಂಬುದು ಸರ್ಕಾರದ ನಿಲುವಾಗಿತ್ತು. ಸರ್ಕಾರ ಬೀಳುವುದಿಲ್ಲವೆಂದು ಗೊತ್ತಿದ್ದೂ ಕಾಂಗ್ರೆಸ್ಸಿನ ಗೌರವ್ ಗೊಗೋಯ್ ಅವರು ಅವಿಶ್ವಾಸ ನಿರ್ಣಯದ ಸೂಚನೆ ಕೊಟ್ಟರು, ಏಕೆಂದರೆ ಆ ಚರ್ಚೆಗೆ ಪ್ರಧಾನಿಯವರೇ ಉತ್ತರಿಸುವುದು ರೂಢಿ. ಆಗಸ್ಟ್ 8ರಿಂದ 10ರವರೆಗೆ ಚರ್ಚೆ ನಡೆಯಿತು. ನರೇಂದ್ರ ಮೋದಿಯವರು 10ರಂದು ಎರಡು ಗಂಟೆಗೂ ಹೆಚ್ಚು ಹೊತ್ತು ಉತ್ತರಿಸಿದರು. ಮಣಿಪುರದ ವಿಷಯ ಬರಲು ತಡವಾಯಿತೆಂದು ವಿರೋಧ ಪಕ್ಷಗಳು ಅದಕ್ಕೆ ಮೊದಲೇ ಸಭಾತ್ಯಾಗ ಮಾಡಿದ್ದವು. ನಿರ್ಣಯ ಧ್ವನಿಮತದಿಂದ ಬಿದ್ದುಹೋಯಿತು.

ಇಲ್ಲಿ ಎರಡೂ ಕಡೆಯವರ ಬಗ್ಗೆ ಹೇಳಬೇಕಾದ ಮಾತಿದೆ. ಒಂದು ರಾಜ್ಯದ ಪರಿಸ್ಥಿತಿಯ ಬಗ್ಗೆ ಸರ್ಕಾರದ ಮುಖ್ಯಸ್ಥರ ಮಾತು ಕೇಳಲು ಸರ್ಕಾರವನ್ನೇ ಬೀಳಿಸುವ ನಿರ್ಣಯ ತರಬೇಕಾಗಿ ಬಂದದ್ದು ವ್ಯವಸ್ಥೆಯ ದೊಡ್ಡ ಕೊರತೆ. ಅಷ್ಟು ಕಷ್ಟಪಟ್ಟು ಪಡೆದ ಉತ್ತರದ ಹೊತ್ತಿನಲ್ಲಿ ಕೇಳಿದವರೇ ಸದನದಲ್ಲಿ ಇಲ್ಲದೆ ಹೋದದ್ದೂ ನಷ್ಟವೇ. ಅವರು ಕುಳಿತಿದ್ದರೂ ಉಪಪ್ರಶ್ನೆಗೆ ಅವಕಾಶವಿರಲಿಲ್ಲ ಎಂಬುದು ಬೇರೆ ಮಾತು. ಚರ್ಚೆಗೆ ಕೊಡುವ ಉತ್ತರದ ಸ್ವರೂಪವೇ ಭಾಷಣ.

ಮತಕ್ಕೆ ಹಾಕಿದ ನಿರ್ಣಯದಲ್ಲಿ ಪ್ರಧಾನಿ ಸೋತದ್ದುಂಟೇ?

ಉಂಟು. ಕರ್ನಾಟಕದವರೇ ಆದ ಎಚ್.ಡಿ. ದೇವೇಗೌಡರು 1997ರ ಏಪ್ರಿಲ್ 11ರಂದು ವಿಶ್ವಾಸಮತದ ಚರ್ಚೆಗೆ ಲೋಕಸಭೆಯಲ್ಲಿ ಉತ್ತರಿಸಿದರು, ಮತದಾನದಲ್ಲಿ 158 ಪರ, 292 ವಿರುದ್ಧ ಬಂದು ಸರ್ಕಾರ ಬಿತ್ತು. ಅವರು ಆಗ ರಾಜ್ಯಸಭೆಯ ಸದಸ್ಯರಾಗಿದ್ದರು. ಮಂತ್ರಿಗಳು ತಾವು ಸದಸ್ಯರಲ್ಲದ ಸದನದಲ್ಲೂ ಮಾತನಾಡಬಹುದು ಎಂದು 88ನೇ ವಿಧಿ ಹೇಳುವುದರಿಂದ ಅದು ಸಾಧ್ಯವಾಯಿತು. ಮತ ಹಾಕುವ ಹಕ್ಕು ಮಾತ್ರ ಇರುವುದಿಲ್ಲ.

ಒಳನಾಡಿನ ನೀತಿಯ ಮೇಲೆ ಪ್ರಧಾನಿಯನ್ನೇ ಅಂಕಿಅಂಶಗಳಿಂದ ಎದುರಿಸಿದ ದೊಡ್ಡ ಉದಾಹರಣೆ ಯಾವುದು?

1963ರ ಆಗಸ್ಟಿನಲ್ಲಿ ನಡೆದ ಮೂರು ಆಣೆ, ಹದಿನೈದು ಆಣೆಯ ವಾಗ್ವಾದ (ಹದಿನಾರು ಆಣೆಗೆ ಒಂದು ರೂಪಾಯಿ). ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯವನ್ನು ಆಚಾರ್ಯ ಜೆ.ಬಿ. ಕೃಪಲಾನಿ ಅವರು ನೆಹರೂ ಸರ್ಕಾರದ ವಿರುದ್ಧ ಮಂಡಿಸಿದ್ದರು. ಅದೇ ವರ್ಷ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದಿದ್ದ ರಾಮಮನೋಹರ ಲೋಹಿಯಾ ಅವರು ಆ ಚರ್ಚೆಯಲ್ಲಿ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಎಂದರು. 1961ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 44 ಕೋಟಿ. ಅಂದರೆ ಅರ್ಧಕ್ಕೂ ಹೆಚ್ಚು ಜನರ ಮಾತು ಅದು. ನೆಹರೂ ಅವರು ಅದನ್ನು ಅಲ್ಲಗಳೆದು, ಹದಿನೈದು ಆಣೆ ಎಂದು ಉತ್ತರಿಸಿದರು.

ಹದಿನೈದು ಆಣೆ ಎಲ್ಲಿಂದ ಬಂತು ಎಂಬುದೇ ಲೋಹಿಯಾ ಅವರ ಎರಡನೆಯ ಪ್ರಶ್ನೆ. ಅದು ರಾಷ್ಟ್ರೀಯ ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದ ಸರಾಸರಿ. ಸರಾಸರಿಯಲ್ಲಿ ಶ್ರೀಮಂತರ ಆದಾಯವೂ ಭೂಮಿಯಿಲ್ಲದ ಕೂಲಿಯವರ ಆದಾಯವೂ ಒಂದೇ ರಾಶಿಗೆ ಬೀಳುತ್ತವೆ. ಕೆಳಗಿನ 27 ಕೋಟಿ ಜನರ ಆದಾಯ ಎಷ್ಟೆಂದು ಕೇಳಿದರೆ ಎಲ್ಲರ ಸರಾಸರಿಯನ್ನು ಹೇಳುವುದು ಉತ್ತರವಾಗುವುದಿಲ್ಲ ಎಂಬುದು ಅವರ ವಾದ. ಬಡತನದ ವಿಷಯವಾಗಿಯೇ ಸೆಪ್ಟೆಂಬರಿನಲ್ಲಿ ಲೋಕಸಭೆ ಪ್ರತ್ಯೇಕ ಚರ್ಚೆ ನಡೆಸಿತು. ಆ ಚರ್ಚೆಯಲ್ಲಿ ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಅವರು ಕೊಟ್ಟ ಅಂಕಿ ಏಳೂವರೆ ಆಣೆ. ಸರ್ಕಾರದ್ದೇ ಅಂಕಿ ಹದಿನೈದರಿಂದ ಅದರ ಅರ್ಧಕ್ಕೆ ಇಳಿದಿತ್ತು.

ಈ ಪ್ರಸಂಗದಲ್ಲಿ ಲೋಹಿಯಾ ಗೆದ್ದರೇ ನೆಹರೂ ಸೋತರೇ ಎಂಬ ಲೆಕ್ಕಕ್ಕಿಂತ ಮುಖ್ಯವಾದುದು ಬೇರೆಯಿದೆ. ನಿರ್ಣಯ 62ಕ್ಕೆ 347 ಮತಗಳಿಂದ ಬಿದ್ದುಹೋಯಿತು, ಸರ್ಕಾರ ಅಲುಗಲಿಲ್ಲ. ಆದರೆ ಪ್ರಧಾನಿಯೇ ಸದನದಲ್ಲಿ ಕುಳಿತು ಕೇಳಿ, ತಾವೇ ಒಂದು ಅಂಕಿ ಕೊಟ್ಟರು. ಆ ಅಂಕಿಯನ್ನು ಬಿಚ್ಚಿ ನೋಡಲು ವಿರೋಧ ಪಕ್ಷಕ್ಕೆ ಮತ್ತೊಂದು ದಿನ ಸಿಕ್ಕಿತು. ಬಡವರ ಆದಾಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ತಜ್ಞರ ಕೊಠಡಿಯಿಂದ ಹೊರಬಂದು ಜನರ ಮಾತಾಯಿತು. ಕನ್ನಡಿಗರಿಗೆ ಲೋಹಿಯಾ ಹೊಸಬರಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಅವರು ಬಂಧನಕ್ಕೊಳಗಾಗಿದ್ದರು, ಅದೇ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸಕರಾಗಿ ಮೈಸೂರು ವಿಧಾನಸಭೆಯಲ್ಲಿ ವಿರೋಧ ಪಕ್ಷದ ದನಿಯಾದರು.

ಪ್ರಶ್ನೆಯೊಂದರಿಂದ ಮಂತ್ರಿ ಸ್ಥಾನ ಹೋದದ್ದಿದೆಯೇ?

ಇದೆ. 1957ರಲ್ಲಿ, ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಲ್ಲಿ ಒಂದು ಕೋಟಿಗೂ ಹೆಚ್ಚು ರೂಪಾಯಿ ಹೂಡಿದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಉತ್ತರಗಳು ತೃಪ್ತಿ ಕೊಡಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಅವರು ದಾಖಲೆಗಳನ್ನು ಮುಂದಿಟ್ಟು ವಿಷಯವನ್ನು ಎಳೆಎಳೆಯಾಗಿ ಬಿಡಿಸಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರು ರಾಜೀನಾಮೆ ಕೊಟ್ಟರು. ಫಿರೋಜ್ ಗಾಂಧಿ ಆಡಳಿತ ಪಕ್ಷದವರೇ ಎಂಬುದನ್ನು ಮರೆಯಬಾರದು. ಪ್ರಶ್ನೆ ಕೇಳುವ ಹಕ್ಕು ವಿರೋಧ ಪಕ್ಷಕ್ಕೆ ಮಾತ್ರ ಸೇರಿದ್ದಲ್ಲ, ಮಂತ್ರಿಯಲ್ಲದ ಪ್ರತಿಯೊಬ್ಬ ಸದಸ್ಯರದು.

ಸರ್ಕಾರ “ಮಾಹಿತಿ ಇಲ್ಲ” ಎಂದರೆ ಅದು ಉತ್ತರವೇ?

ನಿಯಮದ ಪ್ರಕಾರ ಉತ್ತರವೇ. ಜನರ ಕಣ್ಣಿನಲ್ಲಿ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳಿವೆ.

2020ರ ಸೆಪ್ಟೆಂಬರಿನಲ್ಲಿ, ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಎಂದು ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗೆ, ಅಂತಹ ಮಾಹಿತಿಯನ್ನು ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಲಿಖಿತವಾಗಿ ಉತ್ತರಿಸಿತು. ಪರಿಹಾರದ ಪ್ರಶ್ನೆಯೂ ಅದರೊಂದಿಗೆ ಮುಗಿಯಿತು, ಏಕೆಂದರೆ ಎಣಿಸದವರಿಗೆ ಪರಿಹಾರ ಕೊಡಲಾಗುವುದಿಲ್ಲ.

2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಳಿದ್ದು ಕೋವಿಡ್‌ನ ಎರಡನೆಯ ಅಲೆಯಲ್ಲಿ ಆಮ್ಲಜನಕ ಸಿಗದೆ ಸತ್ತವರ ಬಗ್ಗೆ. ಆರೋಗ್ಯ ರಾಜ್ಯಗಳಿಗೆ ಸೇರಿದ ವಿಷಯ, ಸಾವಿನ ವಿವರಗಳನ್ನು ರಾಜ್ಯಗಳು ಕೊಡುತ್ತವೆ, ಆಮ್ಲಜನಕದ ಕೊರತೆಯಿಂದ ಸಾವು ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬುದು ಲಿಖಿತ ಉತ್ತರ. ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತಿದ್ದರು. ಹೈಕೋರ್ಟ್ ನೇಮಿಸಿದ ಸಮಿತಿ ಅಲ್ಲಿನ ಆಮ್ಲಜನಕದ ಕೊರತೆಯನ್ನು ಗುರುತಿಸಿ ವರದಿ ಕೊಟ್ಟಿತ್ತು. ಕೇಂದ್ರ ಸರ್ಕಾರ ಕೊಟ್ಟ ಉತ್ತರದ ಪ್ರತಿಯೊಂದು ಮಾತನ್ನೂ ಎಚ್ಚರದಿಂದ ಆರಿಸಲಾಗಿದೆ: “ವರದಿ ಮಾಡಿಲ್ಲ” ಎಂದಿದೆಯೇ ಹೊರತು “ಸತ್ತಿಲ್ಲ” ಎಂದಿಲ್ಲ. ಇದರಲ್ಲಿ ರಾಜ್ಯ ಸರ್ಕಾರಗಳ ಪಾಲೂ ಇದೆ, ಏಕೆಂದರೆ ಕಾರಣವನ್ನು ದಾಖಲಿಸಬೇಕಾಗಿದ್ದವರು ಅವರು. ಕೇಂದ್ರ ರಾಜ್ಯವನ್ನು ತೋರಿಸಿ, ರಾಜ್ಯ ಆಸ್ಪತ್ರೆಯ ಕಾಗದವನ್ನು ತೋರಿಸಿ, ಕೊನೆಗೆ ಮನೆಯವರನ್ನು ಕಳೆದುಕೊಂಡವರ ಮಾತಿಗೆ ಸದನದ ದಾಖಲೆಯಲ್ಲಿ ಜಾಗವೇ ಇಲ್ಲದಂತಾಯಿತು. ಇಂತಹ ಉತ್ತರವನ್ನು ಓದುವಾಗ ಪ್ರಶ್ನೆಯನ್ನೂ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು, ಕೇಳಿದ್ದು ಯಾವುದು, ಹೇಳಿದ್ದು ಯಾವುದು ಎಂದು ಸಾಲು ಸಾಲಾಗಿ ನೋಡಬೇಕು.

ಮಂತ್ರಿಗಳು ತಪ್ಪು ಮಾಹಿತಿ ಕೊಟ್ಟರೆ ಏನು ಕ್ರಮ?

ತಪ್ಪು ಗೊತ್ತಾದಾಗ ಮಂತ್ರಿಗಳೇ ಸದನದಲ್ಲಿ ತಿದ್ದುಪಡಿ ಹೇಳಿಕೆ ಕೊಡಬೇಕು. ಸದಸ್ಯರು ತಪ್ಪನ್ನು ಎತ್ತಿ ತೋರಿಸಬೇಕಾದರೆ ಲೋಕಸಭಾಧ್ಯಕ್ಷರ 115ನೇ ನಿರ್ದೇಶನದಂತೆ ಲಿಖಿತವಾಗಿ ತಿಳಿಸಬಹುದು. ಬೇಕೆಂದೇ ಸುಳ್ಳು ಹೇಳಿ ಸದನದ ದಾರಿ ತಪ್ಪಿಸಿದ್ದಾರೆ ಎನಿಸಿದರೆ ಹಕ್ಕುಚ್ಯುತಿಯ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ ತಂದ ಆರೋಪದ, ಸೂಚನೆ ಕೊಡಬಹುದು. “ಬೇಕೆಂದೇ” ಎಂಬುದನ್ನು ತೋರಿಸಿಕೊಡುವುದು ಬಹಳ ಕಷ್ಟ.

“ಪರಿಶೀಲಿಸಲಾಗುವುದು”, “ಮಾಹಿತಿ ಸಂಗ್ರಹಿಸಲಾಗುತ್ತಿದೆ” ಎಂಬ ಉತ್ತರಗಳ ಗತಿ ಏನು?

ಇವು ಮರೆತುಹೋಗುವ ಮಾತುಗಳಲ್ಲ, ಅಥವಾ ಹಾಗಾಗಬಾರದೆಂದೇ ಒಂದು ಸಮಿತಿಯಿದೆ. 1953ರ ಡಿಸೆಂಬರ್ 1ರಂದು ಲೋಕಸಭೆಯಲ್ಲಿ ರಚನೆಯಾದ ಸರ್ಕಾರಿ ಭರವಸೆಗಳ ಸಮಿತಿಯಲ್ಲಿ 15 ಸದಸ್ಯರಿದ್ದಾರೆ, ರಾಜ್ಯಸಭೆಯ ಸಮಿತಿ 1972ರಲ್ಲಿ ಆರಂಭವಾಯಿತು. ಮಂತ್ರಿಗಳ ಇಂತಹ ಮಾತುಗಳನ್ನು ಭರವಸೆಗಳೆಂದು ಎಣಿಸಿ ಪಟ್ಟಿ ಮಾಡಲಾಗುತ್ತದೆ. ಮೂರು ತಿಂಗಳ ಒಳಗೆ ಅವನ್ನು ಈಡೇರಿಸಬೇಕು, ಆಗದಿದ್ದರೆ ಕಾರಣ ಕೊಟ್ಟು ಕಾಲಾವಕಾಶ ಕೇಳಬೇಕು. ಕರ್ನಾಟಕ ವಿಧಾನಮಂಡಲದಲ್ಲಿಯೂ ಭರವಸೆಗಳ ಸಮಿತಿಗಳಿವೆ. ಟಿವಿ ಕ್ಯಾಮೆರಾ ಇಲ್ಲದ ಈ ಸಮಿತಿಗಳ ಕೆಲಸ ಸುದ್ದಿಯಾಗುವುದು ಕಡಿಮೆ, ಆದರೆ ರಸ್ತೆ, ರೈಲು ಮಾರ್ಗ, ಆಸ್ಪತ್ರೆಯಂತಹ ಸ್ಥಳೀಯ ಬೇಡಿಕೆಗಳನ್ನು ಬೆನ್ನುಹತ್ತಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಅಪರೂಪ.

ಯಾವ ಪ್ರಶ್ನೆಗಳನ್ನು ತಳ್ಳಿಹಾಕಬಹುದು?

ಲೋಕಸಭೆಯ 41ನೇ ನಿಯಮ ಇದನ್ನು ವಿವರಿಸುತ್ತದೆ. ಪ್ರಶ್ನೆ 150 ಪದಗಳನ್ನು ಮೀರಬಾರದು, ವಾದ, ವ್ಯಂಗ್ಯ, ಆರೋಪ, ಮಾನಹಾನಿಯ ಮಾತು ಇರಬಾರದು, ಮಂತ್ರಿಗಳ ವೈಯಕ್ತಿಕ ಅಭಿಪ್ರಾಯ ಕೇಳಬಾರದು, ನ್ಯಾಯಾಲಯದ ಮುಂದಿರುವ ವಿಷಯವಾಗಿರಬಾರದು, ಮುಖ್ಯವಾಗಿ ಭಾರತ ಸರ್ಕಾರಕ್ಕೆ ಸಂಬಂಧಿಸಿದ್ದಾಗಿರಬೇಕು. ಕೊನೆಯ ಮಾತು ಸಭಾಧ್ಯಕ್ಷರದು. ಕಾನೂನು ಸುವ್ಯವಸ್ಥೆ, ಆರೋಗ್ಯ, ಕೃಷಿ ರಾಜ್ಯಗಳ ಪಟ್ಟಿಯಲ್ಲಿರುವುದರಿಂದ ಒಳನಾಡಿನ ನೀತಿಯ ಎಷ್ಟೋ ಪ್ರಶ್ನೆಗಳು ಈ ಕೊನೆಯ ಷರತ್ತಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಬ್ರಿಟನ್ನಿನಲ್ಲಿ ಪ್ರಧಾನಿಗೆ ಪ್ರತಿ ವಾರ ಪ್ರಶ್ನೆ ಕೇಳುತ್ತಾರಂತೆ, ನಿಜವೇ?

ನಿಜ. 1961ರಲ್ಲಿ ಹೆರಾಲ್ಡ್ ಮ್ಯಾಕ್‌ಮಿಲನ್ ಅವರ ಕಾಲದಲ್ಲಿ ಮಂಗಳವಾರ ಮತ್ತು ಗುರುವಾರ ತಲಾ 15 ನಿಮಿಷವೆಂದು ಅದು ಖಾಯಂ ಆಯಿತು. 1997ರಲ್ಲಿ ಟೋನಿ ಬ್ಲೇರ್ ಅದನ್ನು ಬುಧವಾರದ ಒಂದೇ ಅರ್ಧ ಗಂಟೆಗೆ ಸೇರಿಸಿದರು. ಸಂಸತ್ತಿನ ಅಧಿವೇಶನ ನಡೆಯುವ ವಾರಗಳಲ್ಲಿ ಬುಧವಾರ ಮಧ್ಯಾಹ್ನ ವಿರೋಧ ಪಕ್ಷದ ನಾಯಕರು ಆರು ಪ್ರಶ್ನೆ ಕೇಳಬಹುದು. ಯಾವ ವಿಷಯದ ಮೇಲೆ ಎಂದು ಮೊದಲೇ ತಿಳಿಸಬೇಕಾಗಿಲ್ಲ. ಆಸ್ಪತ್ರೆಗಳಲ್ಲಿ ಸರದಿಗಾಗಿ ಕಾಯುವವರಿಂದ ಹಿಡಿದು ಮನೆ ಬಿಸಿಮಾಡುವ ವೆಚ್ಚದವರೆಗೆ ಯಾವುದೂ ಬರಬಹುದು, ಪ್ರಧಾನಿ ತಯಾರಾಗಿಯೇ ಬರಬೇಕು.

ಅಲ್ಲಿಯೂ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಕೂಗಾಟ, ಪಕ್ಷದವರ ಹೊಗಳಿಕೆಯ ಪ್ರಶ್ನೆಗಳು, ಕೇಳಿದ್ದನ್ನು ಬಿಟ್ಟು ಎದುರಾಳಿಯ ಹಳೆಯ ಸರ್ಕಾರವನ್ನು ಬೈಯುವ ಉತ್ತರಗಳು ಅಲ್ಲಿಯೂ ಇವೆ. ಆದರೂ ಒಬ್ಬರೇ ನಾಯಕರು ಒಂದೇ ವಿಷಯವನ್ನು ಹಿಡಿದು ಆರು ಬಾರಿ ಕೇಳಿದಾಗ, ಉತ್ತರ ತಪ್ಪಿಸಿಕೊಂಡದ್ದು ನೋಡುವವರಿಗೆಲ್ಲ ತಿಳಿಯುತ್ತದೆ. ಭಾರತದಲ್ಲಿ ಪ್ರಧಾನಿಗೆ ಇಂತಹ ವಾರದ ಅವಧಿ ಬೇಕೆಂಬ ಸಲಹೆ ಬಹಳ ಕಾಲದಿಂದ ಇದೆ. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಾಗಿಲ್ಲ, ಸದನದ ನಿಯಮ ತಿದ್ದಿದರೆ ಸಾಕು. ತಿದ್ದಬೇಕೆಂದು ನಾನೂ ಮನಸಾರೆ ಬಯಸುತ್ತೇನೆ.

ಗದ್ದಲ, ಅಮಾನತುಗಳಿಂದ ಪ್ರಶ್ನೆಗಳಿಗೆ ಏನಾಗುತ್ತದೆ?

ಕಲಾಪ ಮುಂದೂಡಿದರೆ ಬಾಯಿಮಾತಿನ ಉತ್ತರ ಸಿಗುವುದಿಲ್ಲ, ಲಿಖಿತ ಉತ್ತರಗಳು ಮಂಡನೆಯಾಗುತ್ತವೆ. ಅಂದರೆ ಗದ್ದಲದಲ್ಲಿ ಸಾಯುವುದು ಉಪಪ್ರಶ್ನೆ ಮಾತ್ರ. ಅದರ ಲಾಭ ಯಾವಾಗಲೂ ಉತ್ತರಿಸಬೇಕಾದವರಿಗೆ. ಸದನದ ಬಾವಿಗೆ ಇಳಿಯುವ ಮೊದಲು ವಿರೋಧ ಪಕ್ಷಗಳು, ಅವು ಯಾವುವೇ ಆಗಿರಲಿ, ಇದನ್ನು ಯೋಚಿಸಬೇಕು.

ಅಮಾನತು ಇನ್ನೂ ಮುಂದೆ ಹೋಗುತ್ತದೆ. 2023ರ ಡಿಸೆಂಬರ್ 13ರಂದು ಲೋಕಸಭೆಯ ಒಳಗೆ ನಡೆದ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರು ಹೇಳಿಕೆ ಕೊಡಬೇಕೆಂದು ಒತ್ತಾಯಿಸಿದ ಎರಡೂ ಸದನಗಳ ಒಟ್ಟು 146 ವಿರೋಧ ಪಕ್ಷದ ಸದಸ್ಯರು ಆ ಅಧಿವೇಶನದಲ್ಲಿ ಅಮಾನತಾದರು. ಅವರ ಹೆಸರಿನಲ್ಲಿದ್ದ ಪ್ರಶ್ನೆಗಳೂ ಪಟ್ಟಿಯಿಂದ ಹೊರಬಿದ್ದವು. ನಮ್ಮ ವಿಧಾನಸಭೆಯಲ್ಲಿ 2025ರ ಮಾರ್ಚ್ 21ರಂದು ವಿರೋಧ ಪಕ್ಷವಾದ ಬಿಜೆಪಿಯ 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತು ಮಾಡಲಾಯಿತು, ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಒಬ್ಬ ಸದಸ್ಯರು ಹೊರಗುಳಿದಾಗ ಅವರ ಕ್ಷೇತ್ರದ ಲಕ್ಷಾಂತರ ಜನರ ಪ್ರಶ್ನೆಯೂ ಹೊರಗುಳಿಯುತ್ತದೆ.

ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟದ್ದುಂಟೇ?

1962ರಲ್ಲಿ ಚೀನಾ ಯುದ್ಧದ ವೇಳೆ, 1975ರ ತುರ್ತು ಪರಿಸ್ಥಿತಿಯಲ್ಲಿ, 2020ರ ಸೆಪ್ಟೆಂಬರಿನ ಕೋವಿಡ್ ಕಾಲದ ಅಧಿವೇಶನದಲ್ಲಿ ಕೈಬಿಡಲಾಗಿತ್ತು. 2020ರಲ್ಲಿ ಲಿಖಿತ ಉತ್ತರಗಳಿಗೆ ಅವಕಾಶವಿತ್ತು. ಮೇಲೆ ಹೇಳಿದ ವಲಸೆ ಕಾರ್ಮಿಕರ ಉತ್ತರ ಬಂದದ್ದು ಅದೇ ಅಧಿವೇಶನದಲ್ಲಿ, ಎದ್ದು ನಿಂತು ಮರುಪ್ರಶ್ನೆ ಕೇಳುವ ಅವಕಾಶ ಯಾರಿಗೂ ಇಲ್ಲದ ಹೊತ್ತಿನಲ್ಲಿ.

ಕರ್ನಾಟಕದಲ್ಲಿ ಈ ಪದ್ಧತಿ ಎಷ್ಟು ಹಳೆಯದು?

ಆಳುವವರನ್ನು ಸಭೆಯಲ್ಲಿ ಕೇಳುವ ರೂಢಿ ನಮ್ಮಲ್ಲಿ 1881ರಷ್ಟು ಹಳೆಯದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆ ವರ್ಷದ ದಸರೆಯ ಹೊತ್ತಿಗೆ 144 ಪ್ರತಿನಿಧಿಗಳೊಂದಿಗೆ ಮೊದಲ ಬಾರಿ ಸೇರಿತು. ದಿವಾನರು ಆಡಳಿತದ ವರದಿಯನ್ನು ಸಭೆಯ ಮುಂದಿಡುತ್ತಿದ್ದರು, ತಾಲ್ಲೂಕುಗಳಿಂದ ಬಂದವರು ಕೆರೆ, ಕಂದಾಯ, ರಸ್ತೆಗಳ ಅಹವಾಲು ಹೇಳುತ್ತಿದ್ದರು. ಸರ್ಕಾರವನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ಬ್ರಿಟಿಷ್ ಭಾರತದಲ್ಲಿ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು 1892ರ ಕಾಯಿದೆಯಿಂದ, ಉಪಪ್ರಶ್ನೆಯ ಹಕ್ಕು ಬಂದದ್ದು 1909ರಲ್ಲಿ.

ಇಂದು ರಾಜ್ಯದಲ್ಲಿ ಮುಖ್ಯಮಂತ್ರಿಗಳು ತಮ್ಮ ಬಳಿಯಿರುವ ಖಾತೆಗಳ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಹಣಕಾಸು ಹಲವು ಬಾರಿ ಮುಖ್ಯಮಂತ್ರಿಗಳ ಬಳಿಯೇ ಇರುವುದರಿಂದ ಗ್ಯಾರಂಟಿ ಯೋಜನೆ, ಸಾಲ, ಅನುದಾನದ ಪ್ರಶ್ನೆಗಳಲ್ಲಿ ಅವರನ್ನೇ ನೇರವಾಗಿ ಕೇಳಲು ಸಾಧ್ಯ. ಈ ವಿಷಯದಲ್ಲಿ ವಿಧಾನಸಭೆ ಲೋಕಸಭೆಗಿಂತ ಮುಂದಿದೆ. ಕೊರತೆ ಇರುವುದು ದಿನಗಳದ್ದು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕೆಂದು 2005ರಲ್ಲಿ ರಾಜ್ಯವೇ ಕಾನೂನು ಮಾಡಿಕೊಂಡಿದೆ, ಅದನ್ನು ಪಾಲಿಸದ ವರ್ಷಗಳೇ ಹೆಚ್ಚು.

ಹಣ ಪಡೆದು ಪ್ರಶ್ನೆ ಕೇಳಿದ ಪ್ರಕರಣ ಏನಾಯಿತು?

2005ರ ಡಿಸೆಂಬರಿನಲ್ಲಿ ಲೋಕಸಭೆಯ 10, ರಾಜ್ಯಸಭೆಯ ಒಬ್ಬರು, ಒಟ್ಟು 11 ಸದಸ್ಯರನ್ನು ಉಚ್ಚಾಟಿಸಲಾಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ನಮ್ಮ ಊರಿನ ವಿಷಯವನ್ನು ಸದನದಲ್ಲಿ ಕೇಳಿಸಬೇಕಾದರೆ ಏನು ಮಾಡಬೇಕು?

ವಿಷಯ ಕೇಂದ್ರದ್ದೋ ರಾಜ್ಯದ್ದೋ ಎಂದು ಮೊದಲು ನೋಡಿ. ಕೇಂದ್ರದ್ದಾದರೆ ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ನಿಮ್ಮ ಕ್ಷೇತ್ರದ ಸದಸ್ಯರು ಆಡಳಿತ ಪಕ್ಷದವರಾಗಿದ್ದು ಹಿಂಜರಿದರೆ ರಾಜ್ಯಸಭೆಯ ವಿರೋಧ ಪಕ್ಷದ ಸದಸ್ಯರಿಗೆ ಬರೆಯಿರಿ. ಅಧಿವೇಶನಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಬರೆಯುವುದು ಒಳ್ಳೆಯದು. ದೂರಿನ ಬದಲು ಪ್ರಶ್ನೆಯನ್ನೇ ಬರೆದು ಕೊಡಿ: ಯಾವ ಯೋಜನೆ, ಯಾವ ವರ್ಷ, ಮಂಜೂರಾದದ್ದು ಎಷ್ಟು, ಖರ್ಚಾದದ್ದು ಎಷ್ಟು, ಉಳಿದ ಕೆಲಸ ಎಂದಿಗೆ ಮುಗಿಯುತ್ತದೆ. ಜೊತೆಗೆ, ಮಂತ್ರಿಗಳು ಏನು ಉತ್ತರಿಸಬಹುದೆಂದು ಊಹಿಸಿ ಎರಡು ಉಪಪ್ರಶ್ನೆಗಳನ್ನೂ ಬರೆದಿಡಿ. ಉತ್ತರ ಬಂದ ಮೇಲೆ ಅದು ಸಂಸತ್ತಿನ ಜಾಲತಾಣದಲ್ಲಿ, ರಾಜ್ಯದ್ದಾದರೆ ವಿಧಾನಸಭೆ ಅಥವಾ ವಿಧಾನ ಪರಿಷತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ “ಪರಿಶೀಲನೆಯಲ್ಲಿದೆ” ಎಂಬ ಮಾತಿದ್ದರೆ ದಿನಾಂಕವನ್ನೂ ಪ್ರಶ್ನೆಯ ಸಂಖ್ಯೆಯನ್ನೂ ಗುರುತು ಹಾಕಿಕೊಂಡು, ಮೂರು ತಿಂಗಳ ನಂತರ ಅದೇ ಸದಸ್ಯರಿಗೆ ಮತ್ತೆ ಬರೆಯಿರಿ.